ಕ್ಯೂಮಾಡೆಲ್ ಒಂದನ್ನೇ ನಂಬಬೇಡಿ: ಐಬಿಎಂ ಐ ಯಂತ್ರದ ಗುರುತು ಓದುವ ಬಗೆ

ಐಬಿಎಂ ಐ ಅನ್ನುವ ಆಪರೇಟಿಂಗ್ ಸಿಸ್ಟಂ ಓಡುವ ಸರ್ವರ್‌ನಲ್ಲಿ ಹಾಕುವ ಹೊರಗಿನ ಸಾಫ್ಟ್‌ವೇರ್‌ಗೆ ಲೈಸೆನ್ಸ್ ಕೀ ಬೇಕು ಅಂತ ಬರೆದರೆ ಸಾಕು, ಆ ಕಡೆಯಿಂದ ಮೂರು ಪ್ರಶ್ನೆ ಬರುತ್ತವೆ. ಸೀರಿಯಲ್ ನಂಬರ್ ಎಷ್ಟು? ಮಾಡೆಲ್ ಯಾವುದು? ಪ್ರೊಸೆಸರ್ ಫೀಚರ್ ಕೋಡ್, ಅಂದರೆ ಒಳಗಿನ ಪ್ರೊಸೆಸರ್ ಯಾವುದು ಅನ್ನುವ ಕೋಡ್, ಏನು? ಮೊದಲ ಎರಡಕ್ಕೆ ಯಾರಾದರೂ ಉತ್ತರ ಕೊಡುತ್ತಾರೆ. ಮೂರನೆಯದು ಬಂದಾಗ ಹೊಸ ಹುಡುಗರು ಸರ್ವರ್ ರೂಮಿಗೆ ಹೋಗಿ, ಮೊಬೈಲ್ ಟಾರ್ಚ್ ಹಿಡಿದು ಯಂತ್ರದ ಬೆನ್ನು ನೋಡುತ್ತಾರೆ. ಅಲ್ಲಿ ಏನೂ ಸಿಗುವುದಿಲ್ಲ. ಕೂತಲ್ಲೇ ಯಂತ್ರವನ್ನೇ ಕೇಳಬಹುದು.

ನಾನು ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಈ ಯಂತ್ರ ನೋಡಿಕೊಳ್ಳುವವಳು. ಸ್ಟೋರ್ಸ್, ಬಿಲ್ಲಿಂಗ್, ಸಂಬಳ ಎಲ್ಲ ಇದರ ಮೇಲೆಯೇ. ಹಳಬರು ಈಗಲೂ ಎಎಸ್ ಫೋರ್ ಹಂಡ್ರೆಡ್ ಅಂತಲೇ ಕರೆಯುತ್ತಾರೆ. 1988ರ ಜೂನ್‌ನಲ್ಲಿ ಐಬಿಎಂ ಇಟ್ಟ ಹೆಸರು ಅದು. ಆಮೇಲೆ 2000ದಲ್ಲಿ ಐಸೀರೀಸ್ ಆಯಿತು, 2004ರಲ್ಲಿ ಐ5, 2006ರಲ್ಲಿ ಸಿಸ್ಟಂ ಐ. 2008ರಲ್ಲಿ ಯಂತ್ರದ ಹೆಸರು ಪವರ್ ಸಿಸ್ಟಮ್ಸ್ ಆಯಿತು, ಅದರ ಮೇಲೆ ಓಡುವ ಆಪರೇಟಿಂಗ್ ಸಿಸ್ಟಂ ಹೆಸರು ಐಬಿಎಂ ಐ. ಇಷ್ಟು ಸಲ ಹೆಸರು ಬದಲಾದರೂ ಒಳಗಿನ ಮೂರು ಸಿಸ್ಟಂ ವ್ಯಾಲ್ಯೂಗಳ, ಅಂದರೆ ಇಡೀ ಯಂತ್ರದ ಬಗ್ಗೆ ಸಿಸ್ಟಂ ಇಟ್ಟುಕೊಳ್ಳುವ ವಿವರಗಳ, ಹೆಸರು ಹಾಗೇ ಉಳಿದಿದೆ. ಕ್ಯೂಮಾಡೆಲ್, ಕ್ಯೂಪಿಆರ್‌ಸಿಫೀಟ್, ಕ್ಯೂಎಸ್‌ಆರ್‌ಎಲ್‌ಎನ್‌ಬಿಆರ್. ಮಾಡೆಲ್, ಪ್ರೊಸೆಸರ್ ಫೀಚರ್, ಸೀರಿಯಲ್ ನಂಬರ್. ಈ ಮೂರನ್ನೂ ಯಾರೂ ಬದಲಿಸಲು ಆಗುವುದಿಲ್ಲ, ನೋಡಬಹುದು ಅಷ್ಟೇ. ಅದಕ್ಕೇ ಕೀ ಕೊಡುವವರಿಗೆ ಇವುಗಳ ಮೇಲೆ ಅಷ್ಟು ನಂಬಿಕೆ.

ನೋಡುವುದು ಹೇಗೆ? ಈ ಯಂತ್ರದಲ್ಲಿ ಕಮಾಂಡ್‌ಗಳ ಹೆಸರು ತುಂಡು ತುಂಡಾಗಿ ಜೋಡಿಸಿದ್ದು. ಡಿಸ್ಪ್ಲೇಗೆ ಡಿಎಸ್‌ಪಿ, ವರ್ಕ್‌ಗೆ ಡಬ್ಲ್ಯುಆರ್‌ಕೆ, ಸಿಸ್ಟಂಗೆ ಎಸ್‌ವೈಎಸ್, ವ್ಯಾಲ್ಯೂಗೆ ವಿಎಎಲ್. ಹಾಗಾಗಿ ಕಮಾಂಡ್ ಲೈನ್‌ನಲ್ಲಿ ಡಿಎಸ್‌ಪಿ-ಎಸ್‌ವೈಎಸ್-ವಿಎಎಲ್ ಅಂತ ಹೊಡೆಯಿರಿ. ಗೆರೆ ಓದುವುದಕ್ಕೆ ಹಾಕಿದ್ದು, ಹೊಡೆಯುವಾಗ ಬೇಡ. ಎಫ್4 ಒತ್ತಿದರೆ ಯಾವ ವ್ಯಾಲ್ಯೂ ಬೇಕು ಅಂತ ಕೇಳುತ್ತದೆ. ಅಲ್ಲಿ ಮೂರರಲ್ಲಿ ಒಂದರ ಹೆಸರು ಕೊಡಿ. ಬರೆದುಕೊಳ್ಳಿ. ಮತ್ತೆ ಉಳಿದ ಎರಡಕ್ಕೂ ಹೀಗೇ ಮಾಡಿ.

ಎಲ್ಲವನ್ನೂ ಒಂದೇ ಸಲ ನೋಡಬೇಕಾದರೆ ಡಿಸ್ಪ್ಲೇ ಬದಲು ವರ್ಕ್ ಕಮಾಂಡ್. ಅದಕ್ಕೆ ಔಟ್‌ಪುಟ್ ಪ್ರಿಂಟ್ ಅಂತ ಕೊಟ್ಟರೆ ಇಡೀ ಪಟ್ಟಿ ಸ್ಪೂಲ್ ಫೈಲ್, ಅಂದರೆ ಪ್ರಿಂಟ್‌ಗೆ ಕಾಯುವ ಫೈಲ್, ಆಗಿ ಬರುತ್ತದೆ. ಅದರಲ್ಲಿ ಈಗಿನ ವ್ಯಾಲ್ಯೂ ಒಂದು ಕಡೆ, ಕಾರ್ಖಾನೆಯಿಂದ ಬಂದಾಗ ಇದ್ದ ವ್ಯಾಲ್ಯೂ ಇನ್ನೊಂದು ಕಡೆ. ಯಾರೋ ಬದಲಿಸಿದ ಸಾಲುಗಳ ಮುಂದೆ ಒಂದು ಬಾಣದ ಗುರುತು ಇರುತ್ತದೆ. ಹೊಸ ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಮಾಡುವುದೇ ಇದು. ಆ ಬಾಣಗಳನ್ನು ನೋಡಿದರೆ ಹಿಂದಿನವರ ಸ್ವಭಾವ ಗೊತ್ತಾಗುತ್ತದೆ.

ಈಗ ಅಸಲಿ ವಿಷಯ. ಮಾಡೆಲ್ ನಂಬರ್ ಒಂದರಿಂದ ಏನೂ ತಿಳಿಯುವುದಿಲ್ಲ.

ಒಮ್ಮೆ ನಮ್ಮ ಮ್ಯಾನೇಜ್‌ಮೆಂಟ್‌ಗೆ ಬ್ಯಾಕಪ್‌ಗಾಗಿ ಸೆಕೆಂಡ್ ಹ್ಯಾಂಡ್ ಯಂತ್ರ ತರುವ ಮನಸ್ಸಾಯಿತು. ಮಾರುವವರು ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಕ್ಯೂಮಾಡೆಲ್ 41ಎ. "ಪವರ್9 ಮೇಡಂ, ಹೊಸದು" ಅಂದರು. ಪವರ್8, ಪವರ್9 ಅಂದರೆ ಐಬಿಎಂ ಪ್ರೊಸೆಸರ್‌ನ ತಲೆಮಾರುಗಳು. 41ಎ ಅಂತ ತೋರಿಸುವ ಯಂತ್ರ ಎರಡಿವೆ. 2014ರ ಎಸ್814, ಅದು 8286-41ಎ, ಪವರ್8. 2018ರ ಎಸ್914, ಅದು 9009-41ಎ, ಪವರ್9. ಕ್ಯೂಮಾಡೆಲ್‌ನಲ್ಲಿ ಮೊದಲಿನ ನಾಲ್ಕು ಅಂಕಿ ಕಾಣುವುದೇ ಇಲ್ಲ. "ಕ್ಯೂಪಿಆರ್‌ಸಿಫೀಟ್ ಕಳಿಸಿ" ಅಂದೆ. ಎರಡು ದಿನ ಸುದ್ದಿ ಇಲ್ಲ. ಆಮೇಲೆ ಬಂದದ್ದು ಇಪಿಎಕ್ಸ್‌ಕೆ. ಅಂದರೆ ಎಸ್814, ಅದೂ ನಾಲ್ಕು ಕೋರಿನದು. ಬೆಲೆ ಮಾತ್ರ ಪವರ್9ದು ಹೇಳಿದ್ದರು.

ಹಾಗಾಗಿ ಈ ಮೂರು ಗುಂಪು ನಿಮ್ಮ ಡೈರಿಯಲ್ಲಿ ಇರಲಿ. ಎಸ್814ರಲ್ಲಿ ನಾಲ್ಕು ಕೋರಿಗೆ ಇಪಿಎಕ್ಸ್‌ಕೆ, ಆರಕ್ಕೆ ಇಪಿಎಕ್ಸ್0, ಎಂಟಕ್ಕೆ ಇಪಿಎಕ್ಸ್6. ಎಸ್914ರಲ್ಲಿ ಅದೇ ಕ್ರಮದಲ್ಲಿ ಇಪಿ10, ಇಪಿ11, ಇಪಿ12. 2022ರಲ್ಲಿ ಬಂದ ಎಸ್1014ರ ಮಾಡೆಲ್ 41ಬಿ, ಅದರಲ್ಲಿ ನಾಲ್ಕು ಕೋರಿನದು ಇಪಿಜಿ0, ಎಂಟು ಕೋರಿನದು ಇಪಿಜಿ2. ಇಪಿಎಕ್ಸ್0, ಇಪಿಜಿ0 ಥರದವುಗಳ ಕೊನೆಯಲ್ಲಿ ಬರುವುದು ಸೊನ್ನೆ, ಇಂಗ್ಲಿಷ್ ಓ ಅಲ್ಲ. ಫೋನಿನಲ್ಲಿ ಓದಿ ಹೇಳಿದರೆ ಆ ಕಡೆಯವರು ಓ ಅಂತ ಬರೆದುಕೊಳ್ಳುತ್ತಾರೆ, ಕೀ ಬರುತ್ತದೆ, ಯಂತ್ರ ಒಪ್ಪುವುದಿಲ್ಲ. ಕಾಪಿ ಮಾಡಿ ಮೇಲ್‌ನಲ್ಲೇ ಕಳಿಸಿ.

ಯಂತ್ರದ ಪೂರ್ತಿ ಟೈಪ್ ಕೂಡ ಬೇಕಾದರೆ ಡಬ್ಲ್ಯುಆರ್‌ಕೆ-ಎಚ್‌ಡಿಡಬ್ಲ್ಯು-ಆರ್‌ಎಸ್‌ಸಿ, ಅಂದರೆ ವರ್ಕ್ ವಿತ್ ಹಾರ್ಡ್‌ವೇರ್ ರಿಸೋರ್ಸಸ್. ಟೈಪ್ ಕೇಳಿದಾಗ ನಕ್ಷತ್ರ ಹಾಕಿ ಪಿಆರ್‌ಸಿ ಅನ್ನಿ. 9009-41ಎ ಅಂತ ಜೋಡಿಯಾಗಿಯೇ ಬರುತ್ತದೆ. ಅದರ ಮುಂದೆ 7 ಹಾಕಿದರೆ ಸೀರಿಯಲ್ ನಂಬರ್ ಸಮೇತ ವಿವರ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಸ್ಕ್ರೀನನ್ನೇ ಕೇಳಿ.

ನಾಲ್ಕು ಕೋರೋ ಆರು ಕೋರೋ ಅನ್ನುವುದು ಬರೀ ವೇಗದ ಮಾತಲ್ಲ. ಎಸ್914ರಲ್ಲಿ ನಾಲ್ಕು ಕೋರಿನ ಯಂತ್ರಕ್ಕೆ 64 ಜಿಬಿಗಿಂತ ಜಾಸ್ತಿ ಮೆಮೊರಿ ಹಾಕಲು ಬರುವುದಿಲ್ಲ. ಮುಂದಿನ ವರ್ಷ ಮೆಮೊರಿ ಸೇರಿಸಿದರಾಯಿತು ಅಂದುಕೊಂಡು ಇಪಿ10 ತಂದರೆ ಅಲ್ಲಿಗೇ ಮುಗಿಯಿತು. ಇನ್ನೊಂದು ಕಡೆ, ದುಡ್ಡಿನ ಲೆಕ್ಕ ಕೂಡ ಈ ಕೋಡ್‌ಗೇ ಅಂಟಿಕೊಂಡಿದೆ. ಇಪಿ10 ಪಿ05 ಗುಂಪಿನಲ್ಲಿ ಬರುತ್ತದೆ. ಇಪಿ11, ಇಪಿ12 ಎರಡೂ ಪಿ10. ಇದನ್ನು ಪ್ರೊಸೆಸರ್ ಗ್ರೂಪ್ ಅನ್ನುತ್ತಾರೆ, ಸಾಫ್ಟ್‌ವೇರ್ ಟಿಯರ್ ಅಂತಲೂ ಹೇಳುವುದುಂಟು. ಪಿ05 ಎಲ್ಲಕ್ಕಿಂತ ಕೆಳಗಿನದು. ಆಮೇಲೆ ಪಿ10, ಪಿ20 ಹೀಗೆ ಏರುತ್ತ ಹೋಗುತ್ತದೆ. ಗುಂಪು ಏರಿದ ಹಾಗೆ ಅದೇ ಸಾಫ್ಟ್‌ವೇರ್‌ಗೆ ಬೆಲೆಯೂ ಏರುತ್ತದೆ. ಬೇಕಾಗಿದ್ದು ಒಂದೇ ಕೋರ್ ಆದರೂ ಡಬ್ಬಿ ಇಪಿ11 ಆದರೆ ಪಿ10ರ ಬಿಲ್ಲೇ ಬರುತ್ತದೆ. ಹಾರ್ಡ್‌ವೇರ್ ಕೊಳ್ಳುವವರು ಪರ್ಚೇಸ್‌ನವರು, ಸಾಫ್ಟ್‌ವೇರ್ ಬಿಲ್ ನೋಡುವವರು ಅಕೌಂಟ್ಸ್‌ನವರು. ಇವರಿಬ್ಬರೂ ಒಂದು ಟೇಬಲ್‌ಗೆ ಬರುವ ಹೊತ್ತಿಗೆ ಯಂತ್ರ ಲಾರಿಯಲ್ಲಿರುತ್ತದೆ.

ನಿಮ್ಮ ಗುಂಪು ಯಾವುದು ಅಂತ ಊಹಿಸುವುದು ಬೇಡ. ಡಬ್ಲ್ಯುಆರ್‌ಕೆ-ಎಲ್‌ಐಸಿ-ಐಎನ್‌ಎಫ್ ಹೊಡೆಯಿರಿ, ವರ್ಕ್ ವಿತ್ ಲೈಸೆನ್ಸ್ ಇನ್ಫರ್ಮೇಷನ್. ಸ್ಕ್ರೀನಿನ ಮೇಲ್ಭಾಗದಲ್ಲೇ ಸೀರಿಯಲ್ ನಂಬರ್ ಮತ್ತು ಪ್ರೊಸೆಸರ್ ಗ್ರೂಪ್ ಎರಡೂ ಇರುತ್ತವೆ. ಇಷ್ಟು ಸುಲಭ.

ಹಳೆ ಯಂತ್ರಗಳ ಕಥೆ ಇನ್ನೂ ಮಜಾ. ಈಗಲೂ ಎಲ್ಲೋ ಒಂದು ಮೂಲೆಯಲ್ಲಿ ಓಡುತ್ತಿರುವ ಹಳೆಯ ಪೆಟ್ಟಿಗೆ ನಿಮ್ಮ ಕೈಗೆ ಬಂದರೆ ಇದು ಗೊತ್ತಿರಬೇಕು. 1988ರ ಮೊದಲ ಯಂತ್ರಗಳಲ್ಲಿ ಮಾಡೆಲ್ ಬಿ10, ಬಿ20 ಅಂತ ಬಿ60ರವರೆಗೆ. ಮಾಡೆಲ್ ನೋಡಿದರೆ ಯಂತ್ರದ ತಾಕತ್ತು ಗೊತ್ತಾಗುತ್ತಿತ್ತು. ಆಮೇಲೆ ಒಂದೇ ಮಾಡೆಲ್ ಒಳಗೆ ಬೇರೆ ಬೇರೆ ಪ್ರೊಸೆಸರ್ ಹಾಕಿ ಮಾರುವ ಕಾಲ ಬಂತು. 90ರ ದಶಕದ ಕೊನೆಯ ಮಾಡೆಲ್ 170 ತೆಗೆದುಕೊಳ್ಳಿ. ಕ್ಯೂಮಾಡೆಲ್ ಎಲ್ಲದರಲ್ಲೂ 170. ಫೀಚರ್ 2289 ಆದರೆ ಅದರ ಸಿಪಿಡಬ್ಲ್ಯು 50. ಫೀಚರ್ 2388 ಆದರೆ 1090. ಸಿಪಿಡಬ್ಲ್ಯು ಅಂದರೆ ಕಮರ್ಷಿಯಲ್ ಪ್ರೊಸೆಸಿಂಗ್ ವರ್ಕ್‌ಲೋಡ್, ಈ ಯಂತ್ರಗಳ ತಾಕತ್ತು ಅಳೆಯಲು ಐಬಿಎಂ ಬಳಸುವ ಅಂಕಿ. ಒಂದೇ ಹೆಸರಿನ ಎರಡು ಯಂತ್ರದ ಮಧ್ಯೆ ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಅಂತರ! ಬುಲೆಟ್ ಇದೆ ಅಂದರೆ 350ಓ 500ಓ ಅಂತ ಕೇಳಲ್ವಾ, ಹಾಗೆ ಇಲ್ಲೂ ಕೇಳಲೇಬೇಕು.

ಅಲ್ಲಿಗೂ ಮುಗಿಯಲಿಲ್ಲ. 170ರಲ್ಲೇ 2385 ಮತ್ತು 2386 ಅಂತ ಎರಡು ಕೋಡ್ ಇವೆ. ಎರಡರ ಸಿಪಿಡಬ್ಲ್ಯುವೂ 460. ಹಾಗಾದರೆ ವ್ಯತ್ಯಾಸ ಏನು? ಇಂಟರಾಕ್ಟಿವ್ ಕೆಲಸಕ್ಕೆ, ಅಂದರೆ ಹಸಿರು ಸ್ಕ್ರೀನ್ (ಅಕ್ಷರ ಮಾತ್ರ ಕಾಣುವ ಟರ್ಮಿನಲ್) ಮುಂದೆ ಕೂತವರ ಕೆಲಸಕ್ಕೆ, ಒಂದರಲ್ಲಿ 50, ಇನ್ನೊಂದರಲ್ಲಿ 70. ಪ್ರೊಸೆಸರ್ ಒಂದೇ. ಹಸಿರು ಸ್ಕ್ರೀನ್‌ಗೆ ಬಳಸುವ ಹಕ್ಕಿಗೆ ಬೇರೆ ದುಡ್ಡು. ಆ ಮಿತಿ ದಾಟಿದರೆ ಸಿಎಫ್‌ಇಂಟ್ ಅನ್ನುವ ಸಿಸ್ಟಂ ಟಾಸ್ಕ್ ಎದ್ದು ಸಿಪಿಯು ತಿನ್ನಲು ಶುರು ಮಾಡುತ್ತಿತ್ತು. ಎಲ್ಲರ ಸ್ಕ್ರೀನೂ ನಿಧಾನ. ವರ್ಕ್ ವಿತ್ ಸಿಸ್ಟಂ ಆಕ್ಟಿವಿಟಿ ಸ್ಕ್ರೀನಿನಲ್ಲಿ ಸಿಎಫ್‌ಇಂಟ್ ಮೇಲೆ ಬಂದು ಕೂತಿದ್ದರೆ ಹಾರ್ಡ್‌ವೇರ್ ಹಾಳಾಗಿಲ್ಲ, ದುಡ್ಡು ಕಮ್ಮಿ ಕಟ್ಟಿದ್ದೀರಿ ಅಂತ ಅರ್ಥ. ನನ್ನ ಕೇಳಿದರೆ ಇದು ಆ ಕಾಲದ ಶುದ್ಧ ಕಿರಿಕಿರಿ. ಪವರ್ ಸಿಸ್ಟಮ್ಸ್ ಹೆಸರು ಬರುವ ಹೊತ್ತಿಗೆ ಈ ಕಾಟ ಹೋಯಿತು. ಐಸೀರೀಸ್ ಕಾಲದ 270, 820 ಯಂತ್ರಗಳಲ್ಲಿ ಈ ಇಂಟರಾಕ್ಟಿವ್ ಫೀಚರ್‌ಗೆ ಪ್ರತ್ಯೇಕ ಕೋಡ್ ಇತ್ತು. ಅಲ್ಲಿ ಕ್ಯೂಪಿಆರ್‌ಸಿಫೀಟ್‌ನಲ್ಲಿ ಅಂಕಿಯ ಮಧ್ಯೆ ಅಕ್ಷರ ಸೇರಿದ ಕೋಡ್ ಕಂಡರೆ ಗಾಬರಿ ಬೇಡ. ಹಳೆ ಆರ್ಡರ್ ಕಾಗದದಲ್ಲಿರುವ ಪ್ರೊಸೆಸರ್ ನಂಬರ್‌ಗೂ ಅದಕ್ಕೂ ತಾಳೆ ಆಗಲಿಲ್ಲ ಅಂತ ಜಗಳಕ್ಕೆ ಹೋಗಬೇಡಿ. ಕೀ ಕೇಳುವಾಗ ಸ್ಕ್ರೀನಿನಲ್ಲಿ ಏನಿದೆಯೋ ಅದನ್ನೇ ಕೊಡಿ.

ಇನ್ನೊಂದು ಎಚ್ಚರ. ಯಂತ್ರವನ್ನು ಪಾರ್ಟಿಷನ್ ಮಾಡಿದ್ದರೆ, ಅಂದರೆ ಒಂದೇ ಡಬ್ಬಿಯನ್ನು ಹಲವು ಯಂತ್ರಗಳ ಹಾಗೆ ಭಾಗ ಮಾಡಿದ್ದರೆ, ಕ್ಯೂಪಿಆರ್‌ಸಿಫೀಟ್ ಹೇಳುವುದು ಇಡೀ ಡಬ್ಬಿಯ ಪ್ರೊಸೆಸರ್ ಬಗ್ಗೆ. ನಿಮ್ಮ ಪಾರ್ಟಿಷನ್‌ಗೆ ಅರ್ಧ ಕೋರ್ ಕೊಟ್ಟಿದ್ದರೂ ಕೋಡ್ ಎಂಟು ಕೋರಿನದೇ ತೋರಿಸುತ್ತದೆ. ನಿಮಗೆ ಸಿಕ್ಕಿದ್ದು ಎಷ್ಟು ಅಂತ ನೋಡಲು ಡಬ್ಲ್ಯುಆರ್‌ಕೆ-ಎಸ್‌ವೈಎಸ್-ಎಸ್‌ಟಿಎಸ್, ಅಂದರೆ ವರ್ಕ್ ವಿತ್ ಸಿಸ್ಟಂ ಸ್ಟೇಟಸ್, ಸ್ಕ್ರೀನಿಗೆ ಹೋಗಿ, ಕರೆಂಟ್ ಪ್ರೊಸೆಸಿಂಗ್ ಕೆಪಾಸಿಟಿ ಅನ್ನುವ ಸಾಲು ಓದಿ. ಕೀ ಕೊಡುವ ಕೆಲವರು ಪಾರ್ಟಿಷನ್ ನಂಬರನ್ನೂ ಕೇಳುತ್ತಾರೆ. ಟೆಸ್ಟ್ ಪಾರ್ಟಿಷನ್‌ಗೆ ಅಂತ ಪಡೆದ ಕೀ ಲೈವ್‌ನಲ್ಲಿ ಓಡದೇ ಇದ್ದರೆ ಮೊದಲು ಇದನ್ನು ನೋಡಿ.

ಈಗ ಉಳಿದ ಸಿಸ್ಟಂ ವ್ಯಾಲ್ಯೂಗಳು. ನೂರಕ್ಕಿಂತ ಜಾಸ್ತಿ ಇವೆ. ಎಲ್ಲವನ್ನೂ ಓದುವ ಅಗತ್ಯ ಇಲ್ಲ. ನಾನು ಯಾವುದೇ ಯಂತ್ರಕ್ಕೆ ಸೈನ್ ಆನ್ ಆದ ಮೇಲೆ ನೋಡುವವು ಕೆಲವೇ.

ಮೊದಲನೆಯದು ಕ್ಯೂಸೆಕ್ಯುರಿಟಿ. ಬರುವಾಗ 40 ಇರುತ್ತದೆ. 20 ಅಂತ ಕಂಡರೆ ಪಾಸ್‌ವರ್ಡ್ ಇದೆ, ಆದರೆ ಒಳಗೆ ಬಂದವರಿಗೆಲ್ಲ ಸಾಮಾನ್ಯವಾಗಿ ಎಲ್ಲ ಫೈಲ್ ಮುಟ್ಟುವ ಹಕ್ಕು ಸಿಗುತ್ತದೆ. ಗೇಟಿನಲ್ಲಿ ಎಂಟ್ರಿ ಹಾಕುವವರೂ ಸಂಬಳದ ಫೈಲ್ ತೆರೆಯಬಹುದು. 30ರಲ್ಲಿ ಒಂದೊಂದು ವಸ್ತುವಿಗೂ ಹಕ್ಕು ಬೇಕು. 40ರಲ್ಲಿ ಸಿಸ್ಟಂನ ಒಳಗಿನ ಭಾಗಗಳಿಗೂ ರಕ್ಷಣೆ. 50 ಅದಕ್ಕಿಂತ ಬಿಗಿ. ಐಬಿಎಂ ಐ 7.5ರಿಂದ ಯಾವ ಯಂತ್ರವನ್ನೂ ಹೊಸದಾಗಿ 20ಕ್ಕೆ ಇಳಿಸಲು ಬಿಡುವುದಿಲ್ಲ, ಒಳ್ಳೆಯದೇ ಆಯಿತು. ಬದಲಿಸಿದರೆ ಮುಂದಿನ ಐಪಿಎಲ್ ಆಗುವವರೆಗೆ, ಅಂದರೆ ಸಿಸ್ಟಂ ಮತ್ತೆ ಶುರುವಾಗುವವರೆಗೆ, ಜಾರಿಗೆ ಬರುವುದಿಲ್ಲ. ಹಾಗಾಗಿ ಈಗಿನ ವ್ಯಾಲ್ಯೂ ನೋಡಿ ನೆಮ್ಮದಿಯಿಂದ ಕೂರಬೇಡಿ. ಡಿಎಸ್‌ಪಿ-ಎಸ್‌ಇಸಿಎ ಕಮಾಂಡ್‌ನಲ್ಲಿ ಮುಂದೆ ಬರಲಿರುವ ವ್ಯಾಲ್ಯೂ ಕೂಡ ಕಾಣುತ್ತದೆ. 20ರಿಂದ ನೇರ 40ಕ್ಕೆ ಹಾರುವುದನ್ನು ತಿಂಗಳ ಕೊನೆಯಲ್ಲಂತೂ ಮಾಡಬೇಡಿ. ಯಾವ ಪ್ರೋಗ್ರಾಂ ಯಾರ ಹಕ್ಕಿನಲ್ಲಿ ಓಡುತ್ತಿತ್ತು ಅನ್ನುವುದು ಆವಾಗಲೇ ಹೊರಗೆ ಬರುತ್ತದೆ.

ಕ್ಯೂಡಿಎಟಿಎಫ್‌ಎಂಟಿ ನೋಡಿ, ತಾರೀಕು ಬರೆಯುವ ಕ್ರಮ ಅದು. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು, ನಮ್ಮಲ್ಲಿ ದಿನ ಮೊದಲು. 030426 ಅಂತ ಒಂದು ಇನ್‌ವಾಯ್ಸ್ ತಾರೀಕು ಬಂದರೆ ಅದು 3 ಏಪ್ರಿಲ್ಲೋ 4 ಮಾರ್ಚೋ? ನಮ್ಮ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು. ಒಂದೇ ತಪ್ಪಿಗೆ ಬಿಲ್ ಹಿಂದಿನ ವರ್ಷಕ್ಕೆ ಹೋಗಿಬಿಡುತ್ತದೆ. ಹಾಗಂತ ಓಡುತ್ತಿರುವ ಯಂತ್ರದಲ್ಲಿ ಇದನ್ನು ಸುಮ್ನೆ ಬದಲಿಸಬಾರದು. ಹಳೆ ಪ್ರೋಗ್ರಾಂಗಳು ಒಂದು ಕ್ರಮ ನಂಬಿಕೊಂಡು ಬರೆದಿರುತ್ತವೆ. ಯಾವುದಿದೆ ಅಂತ ತಿಳಿದುಕೊಂಡಿರಿ, ಅಷ್ಟು ಸಾಕು.

ಟೈಮ್ ಝೋನ್ ಹೇಳುವ ಕ್ಯೂಟಿಐಎಂಝಡ್‌ಓಎನ್‌ನಲ್ಲಿ ಭಾರತಕ್ಕೆ ಇರಬೇಕಾದ್ದು ಕ್ಯೂಪಿ0530ಐಎಸ್‌ಟಿ. ಹೆಸರಲ್ಲೇ ಐದೂವರೆ ಗಂಟೆ ಇದೆ, ಅಲ್ವಾ. ಗಡಿಯಾರ ಸರಿ ಇದ್ದೂ ಝೋನ್ ತಪ್ಪಿದ್ದರೆ ಸ್ಕ್ರೀನಿನಲ್ಲಿ ಏನೂ ಗೊತ್ತಾಗುವುದಿಲ್ಲ. ಬೇರೆ ಸರ್ವರ್ ಜೊತೆ ಮಾತಾಡುವಾಗ ಸಮಯ ತಾಳೆ ಬೀಳದೆ ತಲೆನೋವು ಶುರುವಾಗುತ್ತದೆ.

ಅಕ್ಷರಗಳನ್ನು ಯಾವ ಸಂಕೇತದಲ್ಲಿ ಇಟ್ಟಿದೆ ಅಂತ ಹೇಳುವ ಕ್ಯೂಸಿಸಿಎಸ್‌ಐಡಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬರುವಾಗ 65535 ಇರುತ್ತದೆ. ಅಕ್ಷರಗಳನ್ನು ಬದಲಿಸಬೇಡ, ಇದ್ದ ಹಾಗೇ ಬಿಡು ಅಂತ ಅದರ ಅರ್ಥ. ಹಸಿರು ಸ್ಕ್ರೀನಿನಲ್ಲಿ ಎಲ್ಲ ಚೆನ್ನಾಗೇ ಕಾಣುತ್ತದೆ. ಅದೇ ಫೈಲನ್ನು ಎಕ್ಸೆಲ್‌ಗೆ ಎಳೆದರೆ ಹೆಸರಿದ್ದ ಜಾಗದಲ್ಲಿ ಸಿ1, ಸಿ2 ಥರದ ಹೆಕ್ಸ್ ಕಸ ಬರುತ್ತದೆ. ಫೈಲ್ ಹಾಳಾಗಿಲ್ಲ, ಭಾಷಾಂತರ ಆಗಿಲ್ಲ ಅಷ್ಟೇ. ಇನ್ನು ಕೆಲಸಗಾರರ ಹೆಸರನ್ನು ಕನ್ನಡದಲ್ಲೇ ಇಡಬೇಕು ಅಂದರೆ ಸಿಸ್ಟಂ ವ್ಯಾಲ್ಯೂ ಮುಟ್ಟಬೇಡಿ. ಆ ಒಂದು ಕಾಲಂಗೆ ಮಾತ್ರ 1208 ಕೊಡಿ, ಅದು ಯುಟಿಎಫ್-8. ಇಲ್ಲವೇ 1200, ಅದು ಯುಟಿಎಫ್-16. ಉದ್ದ ಲೆಕ್ಕ ಹಾಕುವಾಗ ನೆನಪಿಡಿ: ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ "ಕ್ಷ" ಒಳಗೆ ಕ, ವಿರಾಮ, ಷ ಅಂತ ಮೂರು. ಅಲ್ಲಿಗೆ ಒಂಬತ್ತು ಬೈಟ್ ಹೋಯಿತು. ಲಕ್ಷ್ಮೀನಾರಾಯಣ ಅನ್ನುವವರ ಹೆಸರಿಗೆ ಇಂಗ್ಲಿಷ್ ಲೆಕ್ಕದ ಮೂವತ್ತು ಬೈಟ್ ಸಾಲುವುದಿಲ್ಲ.

ಕ್ಯೂಪಿಎಫ್‌ಆರ್‌ಎಡಿಜೆ 2 ಇದ್ದರೆ ಸಿಸ್ಟಂ ಐಪಿಎಲ್ ಸಮಯದಲ್ಲೂ, ಓಡುವಾಗಲೂ ಮೆಮೊರಿಯನ್ನು ತಾನೇ ಹಂಚಿಕೊಳ್ಳುತ್ತದೆ. 0 ಇದ್ದರೆ ಯಾರೋ ಕೈಯಲ್ಲಿ ಹಂಚಿದ್ದಾರೆ. ಅವರು ಈಗ ಕೆಲಸದಲ್ಲಿ ಇಲ್ಲ ಅಂದರೆ 2 ಮಾಡಿ.

ಕರೆಂಟ್ ಹೋಗುವ ಊರಿನವರು ಇನ್ನೆರಡು ನೋಡಬೇಕು. ಯುಪಿಎಸ್‌ನ ಸಿಗ್ನಲ್ ಕೇಬಲ್ ಯಂತ್ರಕ್ಕೆ ಜೋಡಿಸಿದ್ದರೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ. ಕ್ಯೂಯುಪಿಎಸ್‌ಡಿಎಲ್‌ವೈಟಿಐಎಂನಲ್ಲಿ ಕರೆಂಟ್ ಹೋದ ಮೇಲೆ ಎಷ್ಟು ಸೆಕೆಂಡ್ ಕಾಯಬೇಕು ಅಂತ ಇರುತ್ತದೆ. 0 ಅಂದರೆ ಕಾಯುವುದೇ ಇಲ್ಲ, ತಕ್ಷಣ ಇಳಿಯಲು ಶುರು. ನೋಮ್ಯಾಕ್ಸ್ ಅಂತಿದ್ದರೆ ಸಿಸ್ಟಂ ತಾನಾಗಿ ಏನೂ ಮಾಡುವುದಿಲ್ಲ, ನಿಮ್ಮದೇ ಪ್ರೋಗ್ರಾಂ ನೋಡಿಕೊಳ್ಳಬೇಕು. ಆ ಪ್ರೋಗ್ರಾಂ ಇದೆಯಾ ಅಂತ ಮೊದಲು ಹುಡುಕಿ. ಕ್ಯೂಪಿಡಬ್ಲ್ಯುಆರ್‌ಆರ್‌ಎಸ್‌ಟಿಐಪಿಎಲ್ 1 ಇದ್ದರೆ ಕರೆಂಟ್ ಬಂದ ಮೇಲೆ ಯಂತ್ರ ತಾನೇ ಎದ್ದೇಳಬಹುದು. ನಾನು 0ಯನ್ನೇ ಇಷ್ಟಪಡುತ್ತೇನೆ. ಬಂದು ಹೋಗಿ ಬಂದು ಹೋಗಿ ಮಾಡುವ ಕರೆಂಟಿನ ಜೊತೆ ಯಂತ್ರವೂ ಏಳುವುದು ಬೀಳುವುದು ಡಿಸ್ಕ್‌ಗೆ ಒಳ್ಳೆಯದಲ್ಲ.

ಎಸ್‌ಕ್ಯುಎಲ್ ಗೊತ್ತಿರುವವರಿಗೆ ಇದೆಲ್ಲ ಇನ್ನೂ ಸುಲಭ. ಕ್ಯೂಸಿಸ್2 ಲೈಬ್ರರಿಯಲ್ಲಿ ಸಿಸ್ಟಂ ವ್ಯಾಲ್ಯೂ ಇನ್ಫೋ ಅನ್ನುವ ವ್ಯೂ ಇದೆ, ಪದಗಳ ಮಧ್ಯೆ ಕೆಳಗೆರೆ ಹಾಕಬೇಕು. ಅದರಿಂದ ಇಡೀ ಪಟ್ಟಿಯನ್ನು ಒಂದು ಟೇಬಲ್‌ಗೆ ತಾರೀಕಿನ ಸಮೇತ ತಿಂಗಳಿಗೊಮ್ಮೆ ತುಂಬಿಸಿಡಿ. ಯಾವ ತಿಂಗಳು ಏನು ಬದಲಾಯಿತು ಅನ್ನುವ ವಾದ ಬಂದಾಗ ಹಳೆ ತಿಂಗಳ ಸಾಲು ತೆಗೆದು ತೋರಿಸಿದರೆ ಆಯಿತು. ಸಿಎಲ್ (ಈ ಯಂತ್ರದ ಕಮಾಂಡ್‌ಗಳನ್ನು ಜೋಡಿಸಿ ಬರೆಯುವ ಭಾಷೆ) ಪ್ರೋಗ್ರಾಂ ಬರೆಯುವವರು ಆರ್‌ಟಿವಿ-ಎಸ್‌ವೈಎಸ್-ವಿಎಎಲ್ ಬಳಸಿ. ಮಾಡೆಲ್‌ಗೆ ಮತ್ತು ಫೀಚರ್‌ಗೆ ನಾಲ್ಕು ಅಕ್ಷರದ ವೇರಿಯಬಲ್, ಸೀರಿಯಲ್‌ಗೆ ಎಂಟು. 41ಎ ಮೂರೇ ಅಕ್ಷರ, ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ. ಅದನ್ನು ಬೇರೆ ಸಿಸ್ಟಂಗೆ ಕಳಿಸುವ ಮುಂಚೆ ಕತ್ತರಿಸಿ.

ಇನ್ನು ಯಂತ್ರ ಬದಲಿಸುವ ದಿನ. ಹಳೆಯದನ್ನು ಆಫ್ ಮಾಡುವ ಮುಂಚೆ ಸಿಸ್ಟಂ ವ್ಯಾಲ್ಯೂ ಪಟ್ಟಿ, ಲೈಸೆನ್ಸ್ ಪಟ್ಟಿ ಎರಡನ್ನೂ ಪ್ರಿಂಟ್ ಹಾಕಿ ಪಿಡಿಎಫ್ ಮಾಡಿ ಬೇರೆ ಕಡೆ ಇಡಿ. ಹೊಸ ಯಂತ್ರದ ಸೀರಿಯಲ್, ಫೀಚರ್ ಕೋಡ್ ಆರ್ಡರ್ ಕಾಗದದಲ್ಲೇ ಇರುತ್ತದೆ. ಕೀಗಳನ್ನು ವಾರ ಎರಡು ವಾರ ಮೊದಲೇ ಕೇಳಿಕೊಳ್ಳಿ. ಹೊಸದು ಮೇಲೆ ಬಂದ ಕೂಡಲೇ ಆ ಮೂರು ವ್ಯಾಲ್ಯೂ ನೋಡಿ, ಕಾಗದಕ್ಕೆ ತಾಳೆ ಹಾಕಿ. ಐಬಿಎಂನ ಆಪರೇಟಿಂಗ್ ಸಿಸ್ಟಂ ಕೀ ತಡವಾದರೂ 70 ದಿನದ ಅವಕಾಶ ಇದೆ. ಬೇರೆಯವರ ಸಾಫ್ಟ್‌ವೇರ್‌ಗೆ ಆ ಉದಾರತೆ ಇರಬೇಕು ಅಂತ ಏನಿಲ್ಲ. ಕೆಲವು ಮೊದಲ ಕ್ಲಿಕ್‌ಗೇ ನಿಂತುಬಿಡುತ್ತವೆ. ಅವು ತಕ್ಷಣ ಗೊತ್ತಾಗುತ್ತವೆ, ಪರವಾಗಿಲ್ಲ. ಕಷ್ಟ ಕೊಡುವುದು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಓಡುವವು. ಬ್ಯಾಂಕಿಗೆ ಸಂಬಳದ ಫೈಲ್ ಕಳಿಸುವುದು, ಟ್ಯಾಕ್ಸ್ ರಿಪೋರ್ಟ್ ತೆಗೆಯುವುದು, ಟೇಪ್‌ಗೆ ಆರ್ಕೈವ್ ಮಾಡುವುದು. ಅವುಗಳನ್ನು ಆ ಶನಿವಾರವೇ ಒಂದೊಂದಾಗಿ ತೆರೆದು, ಕೀ ಒಪ್ಪಿಕೊಂಡಿದೆಯಾ ಅಂತ ನೋಡಿಯೇ ಮನೆಗೆ ಹೋಗಿ.